ಸಾಕ್ಷಿಯೇ ವಕೀಲನಾದಾಗ

ಇಂಗ್ಲಿಷಿನವರು ಡಾಕ್ಯುಮೆಂಟರಿ ಎನ್ನುವುದನ್ನು ನಾವು ಕನ್ನಡದಲ್ಲಿ ಸಾಕ್ಷ್ಯಚಿತ್ರ ಎನ್ನುತ್ತೇವೆ. ಡಾಕ್ಯುಮೆಂಟ್ ಎಂದರೆ ದಾಖಲೆ. ದಾಖಲೆ ಕಪಾಟಿನಲ್ಲಿ ಧೂಳು ತಿನ್ನುತ್ತಾ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಸಾಕ್ಷ್ಯಕ್ಕೆ ಆ ಸೌಕರ್ಯವಿಲ್ಲ. ಸಾಕ್ಷ್ಯ ಎಂದೊಡನೆ ಒಂದು ವ್ಯಾಜ್ಯ, ಎರಡು ಪಕ್ಷಗಳು, ಕೇಳಿಸಿಕೊಂಡು ತೀರ್ಮಾನ ಹೇಳಬೇಕಾದ ಒಬ್ಬರು ನಮ್ಮ ಮನಸ್ಸಿಗೆ ಬರುತ್ತಾರೆ. ಈ ಪದವನ್ನು ಮೊದಲು ಬಳಕೆಗೆ ತಂದವರು ಇಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ಆದರೆ ಪದವಂತೂ ಒಂದು ನೈತಿಕ ಹೊರೆಯನ್ನು ಹೊತ್ತುಕೊಂಡೇ ಬಂದಿದೆ.

ಇದರ ಪಕ್ಕದಲ್ಲೇ ಇನ್ನೊಂದು ಪದವಿದೆ: ವಕಾಲತ್ತು. ಕೋರ್ಟಿನೊಳಗೆ ಅದು ಗೌರವದ ಪದ. ಹೊರಗೆ ಬಂದರೆ ಅದರಲ್ಲಿ ಸಣ್ಣ ಕುಹಕ ಸೇರಿಕೊಳ್ಳುತ್ತದೆ. 'ನೀನ್ಯಾಕೆ ಅವನ ಪರ ವಕಾಲತ್ತು ವಹಿಸ್ತೀಯ?' ಎಂದು ಮನೆಯಲ್ಲೂ ಕೇಳುತ್ತೇವೆ, ಬೀದಿಯಲ್ಲೂ ಕೇಳುತ್ತೇವೆ. ಸಾಕ್ಷಿ ಕಂಡದ್ದನ್ನು ಹೇಳುತ್ತಾನೆ, ವಕೀಲ ಗೆಲ್ಲಿಸುವುದಕ್ಕೆ ಬೇಕಾದದ್ದನ್ನು ಹೇಳುತ್ತಾನೆ ಎಂಬ ತಿಳಿವಳಿಕೆ ಈ ಕುಹಕದ ಹಿಂದಿದೆ. ಕಾನೂನು ಕೂಡ ಇವೆರಡನ್ನು ಬೇರೆಯಾಗಿಯೇ ಇಟ್ಟಿದೆ. ಯಾವ ಮೊಕದ್ದಮೆಯಲ್ಲಿ ತಾನೇ ಸಾಕ್ಷಿ ನುಡಿಯಬೇಕಾಗಬಹುದೆಂದು ವಕೀಲನಿಗೆ ಅನ್ನಿಸುತ್ತದೋ ಆ ಮೊಕದ್ದಮೆಯನ್ನು ಆತ ಒಪ್ಪಿಕೊಳ್ಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಹೇಳುತ್ತವೆ. ಒಂದೇ ಬಾಯಿ ಎರಡೂ ಕೆಲಸ ಮಾಡಿದರೆ ಯಾವುದನ್ನು ನಂಬುವುದು?

ಹಾಗಾದರೆ ಸಾಕ್ಷ್ಯಚಿತ್ರ ಮಾಡುತ್ತಲೇ, ಅದೇ ಚಿತ್ರದ ಜನರ ಪರವಾಗಿ ಬೀದಿಗಿಳಿಯುವ, ಉಪವಾಸ ಕೂರುವ, ಕೋರ್ಟಿನ ಮೆಟ್ಟಿಲು ಹತ್ತುವ ಒಬ್ಬ ಮನುಷ್ಯನನ್ನು ನಾವು ಹೇಗೆ ನೋಡಬೇಕು? ಆತ ಸಾಕ್ಷಿಯೋ, ವಕೀಲನೋ? ಎರಡೂ ಆಗಿದ್ದರೆ ಅದು ಅಪ್ರಾಮಾಣಿಕತೆಯೋ, ಅಥವಾ ಪ್ರಾಮಾಣಿಕತೆಯ ಇನ್ನೊಂದು ಬಗೆಯೋ? ಈ ಪ್ರಶ್ನೆಯನ್ನು ಗಾಳಿಯಲ್ಲಿಟ್ಟು ಚರ್ಚಿಸುವುದಕ್ಕಿಂತ ಆನಂದ ಪಟವರ್ಧನ್ ಅವರ ಬದುಕು ಮತ್ತು ಕೆಲಸದ ಮುಂದಿಟ್ಟು ನೋಡುವುದು ಮೇಲು. ಐದು ದಶಕಗಳಿಂದ ಅವರು ಈ ಎರಡೂ ಪಾತ್ರಗಳನ್ನು ಬಿಟ್ಟುಕೊಡದೆ ಬಂದಿದ್ದಾರೆ.

*

ಪಟವರ್ಧನ್ ಹುಟ್ಟಿದ್ದು 1950ರಲ್ಲಿ, ಮುಂಬಯಿಯಲ್ಲಿ. ಸ್ವಾತಂತ್ರ್ಯ ಹೋರಾಟದ ಮನೆತನ. ಅಚ್ಯುತ ಪಟವರ್ಧನ್, ರಾವ್ ಸಾಹೇಬ್ ಪಟವರ್ಧನ್ ಇವರ ಹತ್ತಿರದ ಬಂಧುಗಳು. ತಾಯಿ ನಿರ್ಮಲಾ ಕುಂಬಾರಿಕೆಯ ಕಲಾವಿದೆ. ಮುಂಬಯಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದರು. ಅಲ್ಲಿದ್ದಾಗ ವಿಯೆಟ್ನಾಂ ಯುದ್ಧದ ವಿರುದ್ಧದ ಚಳವಳಿಯಲ್ಲಿದ್ದರು. ಊರಿಗೆ ಮರಳಿದ ಮೇಲೆ ಬಿಹಾರದಲ್ಲಿ ಜಯಪ್ರಕಾಶ ನಾರಾಯಣರ ಚಳವಳಿ ಎದ್ದಾಗ ಅದನ್ನು ಚಿತ್ರಿಸಿದರು. ಅದು ಮುಗಿಯುವ ಹೊತ್ತಿಗೆ 1975ರ ತುರ್ತು ಪರಿಸ್ಥಿತಿ ಬಂತು. ಚಿತ್ರ ಭೂಗತವಾಯಿತು, ಪ್ರತಿ ಗುಟ್ಟಾಗಿ ದೇಶದಾಚೆ ಹೋಯಿತು. ಮುಂದೆ 1978ರಲ್ಲಿ ರಾಜಕೀಯ ಕೈದಿಗಳ ಬಗ್ಗೆ 'ಝಮೀರ್ ಕೇ ಬಂದಿ' ಮಾಡಿದರು. ಆ ಹೆಸರನ್ನು ಕನ್ನಡಕ್ಕೆ ತಂದರೆ 'ಮನಸ್ಸಾಕ್ಷಿಯ ಕೈದಿಗಳು' ಎಂದಾಗುತ್ತದೆ. ಹಿಂದಿಯ ಝಮೀರ್ ಪದದೊಳಗೆ ಇಲ್ಲದ ಸಾಕ್ಷಿ ನಮ್ಮ ಪದದೊಳಗೆ ಕೂತಿದ್ದಾನೆ.

ಈ ಆರಂಭವನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೊದಲು ತಟಸ್ಥ ಚಿತ್ರಕಾರರಾಗಿದ್ದು ಆಮೇಲೆ ಹೋರಾಟಗಾರರಾದವರಲ್ಲ ಇವರು. ಚಳವಳಿಗೆ ಬೇಕೆಂದೇ ಕ್ಯಾಮೆರಾ ಹಿಡಿದವರು. ಅಂದರೆ ನಮ್ಮ ಪ್ರಶ್ನೆಗೆ ಸುಲಭದ ಪಾರುಗಾಣಿಕೆ ಇಲ್ಲ. ವಕೀಲನೇ ಸಾಕ್ಷಿಯ ಕಟಕಟೆಗೆ ನಡೆದು ಬಂದಿದ್ದಾನೆ.

ಇಂಥವರ ಮೇಲೆ ಮೂರು ಆಕ್ಷೇಪಗಳು ಬರುತ್ತವೆ. ಮೂರೂ ಗಂಭೀರವಾದವು.

ಮೊದಲನೆಯದು, ಪಕ್ಷಪಾತದ ಆಕ್ಷೇಪ. 1985ರ 'ಹಮಾರಾ ಶಹರ್' ಮುಂಬಯಿಯ ಗುಡಿಸಲು ಮತ್ತು ಫುಟ್‌ಪಾತ್ ವಾಸಿಗಳನ್ನು ಒಕ್ಕಲೆಬ್ಬಿಸುವುದರ ಬಗೆಗಿನ ಚಿತ್ರ. ಗುಡಿಸಲು ಕೆಡವುವವರು, ಕೆಡವಿಸಿಕೊಂಡವರು, ನಗರ ಚೊಕ್ಕಟವಾಗಬೇಕೆಂದು ಬಯಸುವ ಅನುಕೂಲಸ್ಥರು ಎಲ್ಲರೂ ಅದರಲ್ಲಿದ್ದಾರೆ. ಆದರೆ ಚಿತ್ರ ಯಾರ ಕಡೆ ನಿಂತಿದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ, 'ತಟಸ್ಥ ಅನ್ನುವುದೇ ಇಲ್ಲ, ಕ್ಯಾಮೆರಾ ಎಲ್ಲಿಟ್ಟರೂ ಅದೊಂದು ಪಕ್ಷವೇ' ಎಂಬುದು. 1948ರಲ್ಲಿ ಶುರುವಾದ ಸರ್ಕಾರದ ಫಿಲ್ಮ್ಸ್ ಡಿವಿಷನ್ ದಶಕಗಳ ಕಾಲ ಪ್ರತಿ ಸಿನಿಮಾಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸುತ್ತಿದ್ದ ಚಿತ್ರಗಳು ಯಾವ ತಟಸ್ಥ ಎಂದು ಕೇಳಬಹುದು. ಅಣೆಕಟ್ಟು ಕಟ್ಟಿದ್ದನ್ನು ಅವು ತೋರಿಸಿದವು, ಮುಳುಗಿದ ಊರುಗಳಿಗೆ ಅಷ್ಟು ಹೊತ್ತು ಕೊಡಲಿಲ್ಲ.

ಈ ಉತ್ತರ ನಿಜ, ಆದರೆ ಸೋಮಾರಿಯಾದ ನಿಜ. ಎಲ್ಲರೂ ಪಕ್ಷಪಾತಿಗಳು, ಆದ್ದರಿಂದ ನಾನೂ ಆಗಬಹುದು ಎಂಬುದು ಎಲ್ಲ ಅಪಪ್ರಚಾರಕರೂ ಬಳಸಬಹುದಾದ ವಾದ. ಅದನ್ನು ಒಪ್ಪಿದರೆ ಸುಳ್ಳು ಸುದ್ದಿ ಹಂಚುವವನಿಗೂ ಪಟವರ್ಧನ್‌ಗೂ ನಡುವೆ ಗೆರೆ ಎಳೆಯಲು ನಮ್ಮ ಬಳಿ ಏನೂ ಉಳಿಯುವುದಿಲ್ಲ. ಪಕ್ಷ ಇದೆಯೋ ಇಲ್ಲವೋ ಎಂಬುದನ್ನು ಬಿಟ್ಟು, ಎದುರು ಪಕ್ಷದವರಿಗೆ ಮಾತಾಡಲು ಎಷ್ಟು ಜಾಗ ಸಿಕ್ಕಿದೆ ಎಂದು ನೋಡಬೇಕು.

ಈ ದೃಷ್ಟಿಯಿಂದ 'ರಾಮ್ ಕೇ ನಾಮ್' ನೋಡಿ. ಅಯೋಧ್ಯೆಯ ವಿವಾದದ ಬಗೆಗಿನ ಈ ಚಿತ್ರ ಸಿದ್ಧವಾದದ್ದು 1992ರ ಡಿಸೆಂಬರ್ 6ಕ್ಕೆ ಮುಂಚೆ. ಪಟವರ್ಧನ್‌ಗೆ ಒಪ್ಪಿಗೆಯಿಲ್ಲದ ನಿಲುವಿನವರು ಇದರಲ್ಲಿ ಧಾರಾಳವಾಗಿ ಮಾತಾಡುತ್ತಾರೆ. ಅವರನ್ನು ಕೆಣಕುವ, ಮೂದಲಿಸುವ ಪ್ರಶ್ನೆಗಳು ಕಡಿಮೆ. ಸರಳ ಪ್ರಶ್ನೆ ಕೇಳಿ, ಅವರು ಉತ್ತರ ಮುಗಿಸುವವರೆಗೆ ಕ್ಯಾಮೆರಾ ಕಾಯುತ್ತದೆ. ನೋಡುವವರು ಆ ಮಾತುಗಳಿಂದ ಬೇರೆಯದೇ ತೀರ್ಮಾನಕ್ಕೆ ಬರಲು ಅಡ್ಡಿಯಿಲ್ಲ, ಮತ್ತು ಎಷ್ಟೋ ಮಂದಿ ಬಂದಿದ್ದಾರೆ. ಆಯ್ಕೆ, ಸಂಕಲನ, ಯಾವ ದೃಶ್ಯದ ಪಕ್ಕ ಯಾವ ದೃಶ್ಯ ಎಂಬುದರಲ್ಲಿ ವಕೀಲನ ಕೈ ಇದ್ದೇ ಇದೆ. ಆದರೆ ಎದುರು ಸಾಕ್ಷಿಯ ಬಾಯಿ ಮುಚ್ಚಿಸಿ ಗೆದ್ದ ವಾದ ಅದಲ್ಲ.

*

ಎರಡನೆಯ ಆಕ್ಷೇಪ ಇದಕ್ಕಿಂತ ಕಷ್ಟದ್ದು. ಅದನ್ನು ಎತ್ತಿದವರು ವಿಮರ್ಶಕರಲ್ಲ. 'ಹಮಾರಾ ಶಹರ್' ಚಿತ್ರದಲ್ಲೇ ಬರುವ ಒಬ್ಬ ಹೆಂಗಸು. ಗುಡಿಸಲು ಕಳೆದುಕೊಂಡ ಆಕೆ ಕ್ಯಾಮೆರಾದ ಕಡೆ ತಿರುಗಿ ಚಿತ್ರ ಮಾಡುವವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಬಡವರ ಫೋಟೋ ತೆಗೆದು ನೀವು ಹೆಸರು ಮಾಡಿಕೊಳ್ಳುತ್ತೀರಿ, ನಮಗೇನು ಸಿಗುತ್ತದೆ ಎಂಬುದು ಆಕೆಯ ಸಿಟ್ಟಿನ ಸಾರ. ನಮ್ಮ ಕಡೆ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: ಉರಿಯುವ ಮನೆಯಲ್ಲಿ ಗಳ ಹಿರಿಯುವುದು.

ಪಟವರ್ಧನ್ ಆ ದೃಶ್ಯವನ್ನು ಕತ್ತರಿಸಲಿಲ್ಲ, ಚಿತ್ರದಲ್ಲೇ ಉಳಿಸಿದರು. ಸಾಕ್ಷ್ಯಚಿತ್ರದ ನೀತಿಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ದೃಶ್ಯ ಮತ್ತೆಮತ್ತೆ ಬರುತ್ತದೆ. ತನ್ನ ವಿರುದ್ಧದ ಸಾಕ್ಷ್ಯವನ್ನೂ ಹಾಜರುಪಡಿಸುವ ವಕೀಲ ಎಲ್ಲಿ ಸಿಗುತ್ತಾನೆ ಎಂದು ಅನೇಕರು ಮೆಚ್ಚಿದ್ದಾರೆ.

ನಾವು ಕೆಲವು ಸ್ನೇಹಿತರು ಹಾಸ್ಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ಸುತ್ತ ಕೂತು ಈ ಚಿತ್ರ ನೋಡಿದಾಗ ನಾನೂ ಇದನ್ನೇ ಹೇಳಿದೆ. ನಮ್ಮಲ್ಲೊಬ್ಬ, ಕೊಳೆಗೇರಿಯಲ್ಲೇ ಬೆಳೆದವನು, ಒಪ್ಪಲಿಲ್ಲ. "ಆ ಸೀನು ಇಟ್ಟಿದ್ದರಿಂದ ಪಿಕ್ಚರ್‌ಗೆ ಇನ್ನೂ ಒಳ್ಳೆ ಹೆಸರೇ ಬಂತಲ್ಲ. ಆ ಹೆಂಗಸು ಬೈದದ್ದೂ ಅವರ ಖಾತೆಗೇ ಜಮಾ ಆಯ್ತು" ಎಂದ.

ಈ ಮಾತನ್ನು ದಾಟಿ ಹೋಗುವುದು ಸುಲಭವಲ್ಲ. ಆತ್ಮವಿಮರ್ಶೆಯೂ ಕಲಾವಿದನ ಬಂಡವಾಳವಾಗಬಲ್ಲದು. ಬೈಗುಳವನ್ನು ಉಳಿಸಿಕೊಳ್ಳುವ ಹಕ್ಕು, ತೆಗೆದುಹಾಕುವ ಹಕ್ಕು ಎರಡೂ ಸಂಕಲನದ ಮೇಜಿನ ಮುಂದೆ ಕೂತವರದ್ದೇ. ಬೈದವಳದ್ದಲ್ಲ. ಆದ್ದರಿಂದ ಆ ಹೆಂಗಸಿನ ಪ್ರಶ್ನೆಗೆ ಚಿತ್ರದೊಳಗೆ ಉತ್ತರ ಸಿಗಲು ಸಾಧ್ಯವಿಲ್ಲ ಎಂದು ನನಗನ್ನಿಸುತ್ತದೆ. ಚಿತ್ರ ಎಷ್ಟೇ ಪ್ರಾಮಾಣಿಕವಾಗಿರಲಿ, ಆಕೆ ಕೇಳಿದ್ದು ಚಿತ್ರವನ್ನಲ್ಲ. ಚಿತ್ರ ಮುಗಿದ ಮೇಲೆ ನೀವೇನು ಮಾಡುತ್ತೀರಿ ಎಂದು ಕೇಳಿದಳು.

ವಕೀಲನ ಪಾತ್ರ ಅಗತ್ಯವಾಗುವುದು ಸರಿಯಾಗಿ ಇಲ್ಲಿ. 1985ರಲ್ಲೇ ಸುಪ್ರೀಂ ಕೋರ್ಟು ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ಆದರೆ ಫುಟ್‌ಪಾತ್ ವಾಸಿಗಳನ್ನು ನೋಟಿಸ್ ಕೊಟ್ಟು ಎಬ್ಬಿಸಬಹುದು ಎಂದೂ ಹೇಳಿತು. ಮುಂದಿನ ವರ್ಷ ದಕ್ಷಿಣ ಮುಂಬಯಿಯ ಸಂಜಯ್ ಗಾಂಧಿ ನಗರದ ಗುಡಿಸಲುಗಳು ನೆಲಸಮವಾದಾಗ ಪಟವರ್ಧನ್ ಅಲ್ಲಿನ ನಿವಾಸಿಗಳ ಜೊತೆ, ನಟಿ ಶಬಾನಾ ಆಜ್ಮಿಯವರೊಂದಿಗೆ ಉಪವಾಸ ಕೂತರು. ಕೊನೆಗೆ ಆ ಕುಟುಂಬಗಳಿಗೆ ಗೋರೆಗಾಂವ್ ಕಡೆ ಬದಲಿ ಜಾಗ ಸಿಕ್ಕಿತು. ತಟಸ್ಥ ಸಾಕ್ಷಿಯೊಬ್ಬರು ಹೀಗೆ ಮಾಡುವಂತಿರಲಿಲ್ಲ. ಸಾಕ್ಷಿ ಹೇಳಿಕೆ ಕೊಟ್ಟು ಮನೆಗೆ ಹೋಗಬೇಕು, ಅದು ನಿಯಮ. ಹೇಳಿಕೆ ಕೊಟ್ಟ ಮೇಲೂ ಅಲ್ಲೇ ಉಳಿಯುವುದು ವಕೀಲನ ಕೆಲಸ.

ಇದರಿಂದ ಋಣ ತೀರಿತು ಎನ್ನಲಾರೆ. ಉಪವಾಸ ಕೂತವರಿಗೆ ಮರಳಲು ಮನೆಯಿತ್ತು. ಆದರೂ ಗಳ ಹಿರಿದವರಿಗೂ ಇವರಿಗೂ ಇರುವ ಅಂತರ ಈ ಒಂದು ಕ್ರಿಯೆಯಲ್ಲಿದೆ.

*

ಮೂರನೆಯ ಆಕ್ಷೇಪ: ಸಾಕ್ಷ್ಯಚಿತ್ರಕಾರ ಬಂದು ಹೋಗುತ್ತಾನೆ, ಮಾತಾಡಿದವರು ಅಲ್ಲೇ ಇರುತ್ತಾರೆ. 'ರಾಮ್ ಕೇ ನಾಮ್' ನೋಡಿದ ಯಾರೂ ಪೂಜಾರಿ ಲಾಲ್‌ದಾಸ್ ಅವರನ್ನು ಮರೆಯಲಾರರು. ನ್ಯಾಯಾಲಯ ನೇಮಿಸಿದ್ದ ರಾಮಜನ್ಮಭೂಮಿಯ ಅರ್ಚಕ ಅವರು. ರಾಮನ ಪೂಜೆ ಮಾಡುತ್ತಲೇ, ದೇವರ ಹೆಸರಿನ ರಾಜಕೀಯವನ್ನು ಕ್ಯಾಮೆರಾದ ಮುಂದೆ ಮೆಲುದನಿಯಲ್ಲಿ ಟೀಕಿಸಿದರು. ಅವರನ್ನು ಅರ್ಚಕ ಸ್ಥಾನದಿಂದ ತೆಗೆದುಹಾಕಲಾಯಿತು. 1993ರ ನವೆಂಬರಿನಲ್ಲಿ ಅವರ ಕೊಲೆಯಾಯಿತು. ಕೊಲೆಗೂ ಚಿತ್ರಕ್ಕೂ ಗಂಟು ಹಾಕುವುದು ನನ್ನ ಉದ್ದೇಶವಲ್ಲ. ಲಾಲ್‌ದಾಸ್ ಚಿತ್ರದ ಹೊರಗೂ ಇದೇ ಮಾತು ಆಡುತ್ತಿದ್ದವರು. ಆದರೆ ಇಂಥ ಸಾಕ್ಷಿಯನ್ನು ಕರೆದು ಮಾತಾಡಿಸಿದವರ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಅವರ ಸಾವಿನೊಂದಿಗೆ ಮುಗಿಯುವುದಿಲ್ಲ.

ಈ ಪ್ರಶ್ನೆಗೆ ಪಟವರ್ಧನ್‌ರ ಬದುಕಿನಲ್ಲಿ ಸಿಗುವ ದೊಡ್ಡ ಪ್ರತಿಕ್ರಿಯೆ 'ಜೈ ಭೀಮ್ ಕಾಮ್ರೇಡ್'. 1997ರ ಜುಲೈ 11ರಂದು ಮುಂಬಯಿಯ ಘಾಟ್‌ಕೋಪರ್‌ನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. 10 ಮಂದಿ ಸತ್ತರು. ಇದಾದ ನಾಲ್ಕು ದಿನಕ್ಕೆ ದಲಿತ ಗಾಯಕ, ಕವಿ ವಿಲಾಸ್ ಘೋಗ್ರೆ ಆತ್ಮಹತ್ಯೆ ಮಾಡಿಕೊಂಡರು. ಎಡಪಂಥೀಯ ಸಾಂಸ್ಕೃತಿಕ ತಂಡದಲ್ಲಿ ಹಾಡುತ್ತಿದ್ದ ಅವರು ಕೊನೆಯ ಹೊತ್ತಿನಲ್ಲಿ ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡಿದ್ದರು. ಹನ್ನೆರಡು ವರ್ಷದ ಹಿಂದೆ 'ಹಮಾರಾ ಶಹರ್' ಚಿತ್ರದಲ್ಲಿ ಹಾಡಿದ್ದವರು ಇವರೇ. ತನ್ನ ಚಿತ್ರಕ್ಕೆ ದನಿ ಕೊಟ್ಟವನ ಸಾವಿನ ಬೆನ್ನು ಹತ್ತಿ ಪಟವರ್ಧನ್ 14 ವರ್ಷ ಚಿತ್ರೀಕರಿಸಿದರು. ಕೆಂಪು ಬಾವುಟದವರು ಜಾತಿಯನ್ನು ಎಷ್ಟು ಅರ್ಥ ಮಾಡಿಕೊಂಡಿದ್ದರು ಎಂಬ ಪ್ರಶ್ನೆಯನ್ನು ತಮ್ಮ ಕಡೆಯವರ ಮುಂದೆಯೇ ಇಟ್ಟರು. ಚಿತ್ರ 2011ರಲ್ಲಿ ಮುಗಿಯಿತು. ಚಿತ್ರದಲ್ಲಿ ಹಾಡಿದ್ದ ಕಬೀರ್ ಕಲಾ ಮಂಚದ ಯುವ ಕಲಾವಿದರ ಮೇಲೆ ನಕ್ಸಲ್ ನಂಟಿನ ಆರೋಪ ಬಂದಾಗ ಅವರ ರಕ್ಷಣೆಗೆ ರಚಿತವಾದ ಸಮಿತಿಯಲ್ಲಿ ಪಟವರ್ಧನ್ ಇದ್ದರು. ಲಾಲ್‌ದಾಸ್ ವಿಷಯದಲ್ಲಿ ಆಗದಿದ್ದದ್ದು ಇಲ್ಲಿ ಒಂದಿಷ್ಟಾದರೂ ಆಯಿತು.

ಮೇಲ್ಜಾತಿಯ ಚಿತ್ರಕಾರರೊಬ್ಬರು ದಲಿತರ ನೋವಿನ ಕಥೆ ಹೇಳಬಹುದೇ ಎಂಬ ಪ್ರಶ್ನೆ ಈ ಚಿತ್ರಕ್ಕೂ ತಗಲಿಕೊಂಡಿದೆ, ತಗಲಿಕೊಳ್ಳಲೇಬೇಕು. ಯಾರೂ ಹೇಳದಿದ್ದಾಗ ಹೇಳಿದ್ದು ದೊಡ್ಡದು. ಆದರೆ ಪರವಾಗಿ ಹೇಳುವವರು ಸದಾ ಇದ್ದರೆ ಸ್ವತಃ ಹೇಳುವವರಿಗೆ ಸರದಿ ಬರುವುದು ಯಾವಾಗ? ವಕೀಲಿಕೆಯ ಅಪಾಯ ಇದೇ. ಕಕ್ಷಿದಾರ ಕೋರ್ಟಿನಲ್ಲಿ ಕೈಕಟ್ಟಿ ನಿಂತಿರುತ್ತಾನೆ, ಅವನ ಬದುಕಿನ ಬಗ್ಗೆ ಅವನಿಗೆ ಅರ್ಥವಾಗದ ಭಾಷೆಯಲ್ಲಿ ಇನ್ನೊಬ್ಬರು ಮಾತಾಡುತ್ತಿರುತ್ತಾರೆ.

ಇದಕ್ಕೆ ಬೇರೊಂದು ದಾರಿ ಹುಡುಕಿದವರೂ ಇದ್ದರು, ಅದೂ ನಮ್ಮ ನೆಲದಲ್ಲೇ. 1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ ಯುಗಾಂತರ್ ಎಂಬ ತಂಡ ಕಟ್ಟಿದರು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಯ ಹೆಣ್ಣಾಳುಗಳು ಸಂಘಟಿತರಾಗಿದ್ದನ್ನು 1982ರಲ್ಲಿ ಚಿತ್ರವಾಗಿಸಿದರು. ಅದಕ್ಕೆ ಮುಂಚೆ ಆ ಹೆಂಗಸರ ಜೊತೆ ಒಡನಾಡಿ, ಏನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಅವರೊಂದಿಗೇ ಚರ್ಚಿಸಿದರು. ಮುಗಿದ ಚಿತ್ರ ಮತ್ತೆ ಕೂಲಿ ಹೆಂಗಸರ ನಡುವೆಯೇ ಓಡಾಡಿತು. ಪರವಾಗಿ ಮಾತಾಡುವುದಕ್ಕೂ ಜೊತೆಯಲ್ಲಿ ಮಾತಾಡುವುದಕ್ಕೂ ಇರುವ ವ್ಯತ್ಯಾಸವನ್ನು 25 ನಿಮಿಷದ ಆ ಪುಟ್ಟ ಚಿತ್ರ ಕಲಿಸುತ್ತದೆ. ಪಟವರ್ಧನ್‌ರ ಚಿತ್ರಗಳನ್ನು ಮೆಚ್ಚುವವರು ಇದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

*

ಇನ್ನು ನಿಜವಾದ ಕೋರ್ಟಿನ ವಿಷಯ. ಪಟವರ್ಧನ್‌ರ ಬದುಕಿನ ದೊಡ್ಡ ವಿಪರ್ಯಾಸವೆಂದರೆ ಸರ್ಕಾರ ಒಂದು ಕೈಯಲ್ಲಿ ಪ್ರಶಸ್ತಿ ಕೊಟ್ಟು ಇನ್ನೊಂದು ಕೈಯಲ್ಲಿ ಬಾಗಿಲು ಮುಚ್ಚಿದ್ದು. 'ಹಮಾರಾ ಶಹರ್' ಮತ್ತು 'ರಾಮ್ ಕೇ ನಾಮ್' ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಎರಡೂ ದೂರದರ್ಶನದಲ್ಲಿ ಬರಲು ನ್ಯಾಯಾಲಯಕ್ಕೆ ಹೋಗಬೇಕಾಯಿತು. 'ಪಿತಾ, ಪುತ್ರ ಔರ್ ಧರ್ಮಯುದ್ಧ್' ಚಿತ್ರದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2006ರಲ್ಲಿ ತೀರ್ಮಾನವಾಯಿತು. ಬಿಡಿ ದೃಶ್ಯಗಳನ್ನು ಹೆಕ್ಕಿ ತೆಗೆಯದೆ ಚಿತ್ರವನ್ನು ಇಡಿಯಾಗಿ ನೋಡಿ ಅಳೆಯಬೇಕು ಎಂದು ಹೇಳಿದ ನ್ಯಾಯಾಲಯ, ಪ್ರಸಾರಕ್ಕೆ ಆದೇಶಿಸಿತು. ಪೋಖ್ರಾನ್ ಪರೀಕ್ಷೆಯ ಹಿನ್ನೆಲೆಯ 'ಜಂಗ್ ಔರ್ ಅಮನ್' ಚಿತ್ರಕ್ಕೆ ಸೆನ್ಸಾರ್ ಮಂಡಳಿ ಕತ್ತರಿ ಕೇಳಿದಾಗ ಬಾಂಬೆ ಹೈಕೋರ್ಟಿಗೆ ಹೋಗಿ ಗೆದ್ದರು. ನಮ್ಮ ಎಂ.ಎಂ. ಕಲಬುರ್ಗಿ ಮತ್ತು ಗೌರಿ ಲಂಕೇಶ್ ಅವರ ಹತ್ಯೆಗಳನ್ನೂ ಒಳಗೊಂಡ 'ವಿವೇಕ್' ಚಿತ್ರವನ್ನು 2019ರಲ್ಲಿ ಕೇರಳದ ಚಿತ್ರೋತ್ಸವದಲ್ಲಿ ತೋರಿಸಲು ಅಲ್ಲಿನ ಹೈಕೋರ್ಟಿನ ಅನುಮತಿ ಬೇಕಾಯಿತು.

ಈ ಪ್ರಕರಣಗಳನ್ನು ಸಾಲಾಗಿ ನೋಡಿದಾಗ ವಕಾಲತ್ತಿನಲ್ಲಿ ಎರಡು ಬಗೆ ಇರುವುದು ಕಾಣುತ್ತದೆ. 'ನನ್ನ ಕಕ್ಷಿದಾರನೇ ಸರಿ' ಎನ್ನುವುದು ಒಂದು. 'ಈ ಸಾಕ್ಷಿಯ ಮಾತನ್ನು ಕೇಳಿ, ಆಮೇಲೆ ನಿಮ್ಮ ತೀರ್ಮಾನ ನಿಮ್ಮದು' ಎನ್ನುವುದು ಇನ್ನೊಂದು. ಮೊದಲನೆಯದು ತೀರ್ಪಿನ ಪರವಾದದ್ದು, ಎರಡನೆಯದು ವಿಚಾರಣೆಯ ಪರವಾದದ್ದು. ಪಟವರ್ಧನ್ ಎರಡನ್ನೂ ಮಾಡಿದ್ದಾರೆ. ಅವರ ತೀರ್ಪನ್ನು ನಾವು ಒಪ್ಪಬಹುದು, ಬಿಡಬಹುದು. ಆದರೆ ವಿಚಾರಣೆಯೇ ನಡೆಯಬಾರದು ಎನ್ನುವವರು ಎದುರಿಗಿದ್ದಾಗ ಸಾಕ್ಷಿ ವಕೀಲನಾಗದೆ ಬೇರೆ ದಾರಿಯಿಲ್ಲ. ವಕೀಲರ ಪರಿಷತ್ತಿನ ನಿಯಮ ಸರಿಯಾಗಿಯೇ ಇದೆ, ಏಕೆಂದರೆ ಅಲ್ಲಿ ಕೋರ್ಟು ಮೊದಲೇ ಇರುತ್ತದೆ, ಸಾಕ್ಷಿಯನ್ನು ಕರೆಯಲು ಸಮನ್ಸ್ ಇರುತ್ತದೆ. ಫುಟ್‌ಪಾತಿನ ಹೆಂಗಸಿಗೆ ಯಾರೂ ಸಮನ್ಸ್ ಕಳಿಸಿರಲಿಲ್ಲ.

ಹಾಗಾದರೆ ಸಾಕ್ಷಿಯೂ ವಕೀಲನೂ ಒಬ್ಬನೇ ಆಗಬಹುದೇ? ಆಗಬಹುದು, ಒಂದು ಷರತ್ತಿನ ಮೇಲೆ ಎಂದು ನನ್ನ ಉತ್ತರ. ಆ ಷರತ್ತಿಗೆ ನಮ್ಮ ಕೋರ್ಟು ಕಚೇರಿಗಳಲ್ಲಿ ಒಂದು ಒಳ್ಳೆಯ ಪದವಿದೆ: ಪಾಟೀಸವಾಲು. ಸಾಕ್ಷಿಯ ಮಾತಿಗೆ ಬೆಲೆ ಬರುವುದು ಆತ ಹೇಳಿದ್ದರಿಂದಲ್ಲ, ಹೇಳಿದ ಮೇಲೆ ಎದುರಿನವರ ಸವಾಲಿಗೆ ನಿಂತದ್ದರಿಂದ. ಪಟವರ್ಧನ್ ತಮ್ಮ ಚಿತ್ರಗಳನ್ನು ಹೊತ್ತು ಕಾಲೇಜು, ಬಸ್ತಿ, ಬೀದಿಗಳಿಗೆ ಹೋಗಿ, ತೋರಿಸಿದ ಮೇಲೆ ಅಲ್ಲೇ ನಿಂತು ಪ್ರಶ್ನೆಗಳನ್ನು ಎದುರಿಸುತ್ತಾ ಬಂದಿದ್ದಾರೆ. ಒಪ್ಪದವರ ಪಾಟೀಸವಾಲು ಅದು. ಆದರೆ ಅದಕ್ಕಿಂತ ಕಠಿಣವಾದದ್ದು ತಾನು ಯಾರ ಪರ ನಿಂತಿದ್ದಾನೋ ಅವರ ಪಾಟೀಸವಾಲು. ಗುಡಿಸಲಿನ ಹೆಂಗಸು ಕೇಳಿದ್ದು ಅದನ್ನೇ. ಘೋಗ್ರೆಯ ಸಾವೂ ಕೇಳಿದ್ದು ಅದನ್ನೇ.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಅಪಘಾತವಾಗಲಿ, ಹೊಡೆದಾಟವಾಗಲಿ, ಮೊದಲು ಮೇಲೇಳುವುದು ಮೊಬೈಲುಗಳು. ಸಾಕ್ಷ್ಯಕ್ಕೆ ಬರವಿಲ್ಲ, ಸಾಕ್ಷಿಗಳಿಗೆ ಬರ. ವಿಡಿಯೋ ಹಾಕಿದವರ ಹೆಸರು ಗೊತ್ತಿರುವುದಿಲ್ಲ, ಕೇಳಿದರೆ ಉತ್ತರಿಸಲು ಅವರು ಅಲ್ಲಿರುವುದೂ ಇಲ್ಲ. ನಮ್ಮ ಹಳೆಯ ದಾನಶಾಸನಗಳು ಹಲವುದರಲ್ಲಿ ಕೊನೆಗೆ ಸಾಕ್ಷಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿರುತ್ತಾರೆ. ನಾಳೆ ತಕರಾರು ಬಂದರೆ ಇವರನ್ನು ಕೇಳಿ ಎಂದು ಅದರ ಅರ್ಥ. ಹೆಸರು ಕೆತ್ತಿಸಿಕೊಂಡವರು ಊರು ಬಿಟ್ಟು ಹೋಗುವಂತಿರಲಿಲ್ಲ.

ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳೂ ಕ್ಷೇತ್ರಕಾರ್ಯ ಎಂದು ಹೊರಟು ಯಾರದೋ ಜಗಲಿಯಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿದು, ಅವರ ಕಷ್ಟವನ್ನು ರೆಕಾರ್ಡ್ ಮಾಡಿಕೊಂಡು ಬರುತ್ತೇವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ವಿಶ್ವವಿದ್ಯಾಲಯಕ್ಕೆ ಸಾಕು. ನಮ್ಮ ಮಹಾಪ್ರಬಂಧವನ್ನು ಪರೀಕ್ಷಿಸಲು ಇಬ್ಬರೋ ಮೂವರೋ ಪ್ರಾಧ್ಯಾಪಕರು ಬರುತ್ತಾರೆ. ಮೌಖಿಕ ಪರೀಕ್ಷೆಗೆ ಆ ಜಗಲಿಯವರನ್ನು ಯಾರೂ ಕರೆಯುವುದಿಲ್ಲ. ಕರೆಯದಿದ್ದರೂ ಪ್ರತಿಯೊಂದನ್ನು ಹಿಡಿದು ನಾವೇ ಅಲ್ಲಿಗೆ ಹೋಗಬಹುದು. ಬರೆದದ್ದನ್ನು ಓದಿ ಹೇಳಬಹುದು. ಅವರು ಏನು ಕೇಳುತ್ತಾರೋ ಕೇಳಲಿ ಎಂದು ಕೂತಿರಬಹುದು.